ಕಡ ತಂದ ಬಹುಮತದ ಪ್ರಧಾನಿ

ಇಟಲಿ ಸಂಸತ್ತಿನ ಮೇಲ್ಮನೆಯಲ್ಲಿ 2022ರ ಜುಲೈ 20ರಂದು ಪ್ರಧಾನಿ ಮಾರಿಯೊ ದ್ರಾಗಿ ವಿಶ್ವಾಸಮತ ಕೇಳಿದರು. ಪರವಾಗಿ 95 ಮತ, ವಿರುದ್ಧ 38. ಲೆಕ್ಕಕ್ಕೆ ಅದು ಗೆಲುವು. ಆದರೂ ಮರುದಿನ ಬೆಳಿಗ್ಗೆ ಅವರು ರಾಜೀನಾಮೆ ಕೊಟ್ಟರು. ಸುಮಾರು 320 ಸದಸ್ಯರ ಅದೇ ಸದನದಲ್ಲಿ 17 ತಿಂಗಳ ಹಿಂದೆ ಅವರಿಗೆ 262 ಮತ ಬಿದ್ದಿದ್ದವು. ಈ ನಡುವೆ ಅವರ ಮೇಲೆ ಹಗರಣವೇನೂ ಬಂದಿರಲಿಲ್ಲ, ಆರ್ಥಿಕತೆ ಮುಗ್ಗರಿಸಿರಲಿಲ್ಲ, ಜನರ ನಡುವೆ ಅವರ ಹೆಸರೂ ಕೆಟ್ಟಿರಲಿಲ್ಲ. ಹಾಗಾದರೆ 167 ಮತಗಳು ಎಲ್ಲಿ ಹೋದವು?

ಇದು ಇಟಲಿಯವರು ಮಾತ್ರ ಕೇಳಿಕೊಳ್ಳಬೇಕಾದ ಪ್ರಶ್ನೆಯಲ್ಲ. ರಾಜಕಾರಣಿಗಳ ಬಗ್ಗೆ ರೇಜಿಗೆ ಹುಟ್ಟಿದಾಗಲೆಲ್ಲ ‘ಬಲ್ಲವರ ಕೈಗೆ ದೇಶ ಕೊಡಬೇಕು’ ಎಂಬ ಮಾತು ನಮ್ಮ ಹೋಟೆಲಿನ ಮೇಜುಗಳ ಮೇಲೂ ಓಡಾಡುತ್ತದೆ. ದ್ರಾಗಿ ಬಲ್ಲವರಲ್ಲಿ ಬಲ್ಲವರು. ಅವರ ಕೈಗೆ ದೇಶವನ್ನು ಕೊಟ್ಟೂ ನೋಡಲಾಯಿತು. ಹಾಗೆ ಕೊಟ್ಟಾಗ ಆದದ್ದೇನು ಎಂಬುದನ್ನು ಮೊದಲಿಂದ ನೋಡುವುದು ಒಳ್ಳೆಯದು.

ದ್ರಾಗಿ ಹುಟ್ಟಿದ್ದು 1947ರಲ್ಲಿ, ರೋಮ್‌ನಲ್ಲಿ. ಹದಿಹರೆಯದಲ್ಲೇ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಹದಿನಾರರ ವಯಸ್ಸಿನಲ್ಲಿ ಗೆಳೆಯನೊಂದಿಗೆ ಸಮುದ್ರತೀರದಲ್ಲಿ ರಜೆ ಕಳೆದು ಮನೆಗೆ ಬಂದಾಗ ಕಟ್ಟಬೇಕಾದ ಬಿಲ್ಲುಗಳ ರಾಶಿ ಕಾದು ಕೂತಿತ್ತು ಎಂದು ಅವರೇ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ರೋಮ್‌ನ ಸಪಿಯೆಂಝಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಫೆಡೆರಿಕೊ ಕಫೆ ಅವರ ಕೈಕೆಳಗೆ ಓದಿದರು. ಯುರೋಪಿಗೆ ಒಂದೇ ಕರೆನ್ಸಿ ತರುವುದು ಅವಿವೇಕ ಎಂದು ಪದವಿ ಪ್ರಬಂಧದಲ್ಲಿ ವಾದಿಸಿದ್ದ ಹುಡುಗ ಮುಂದೆ ಆ ಕರೆನ್ಸಿಗೇ ಕಾವಲುಗಾರನಾದ. ಅಮೆರಿಕದ ಎಂಐಟಿಯಿಂದ 1977ರಲ್ಲಿ ಡಾಕ್ಟರೇಟ್ ಬಂತು. ಅಲ್ಲಿ ಅವರಿಗೆ ಮಾರ್ಗದರ್ಶನ ಮಾಡಿದ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಾಬರ್ಟ್ ಸೋಲೊ ಇಬ್ಬರಿಗೂ ಮುಂದೆ ನೊಬೆಲ್ ಸಿಕ್ಕಿತು.

ಸ್ವಲ್ಪ ಕಾಲ ಪಾಠ ಹೇಳಿ, ವಿಶ್ವಬ್ಯಾಂಕಿನಲ್ಲಿ ಇಟಲಿಯ ಪ್ರತಿನಿಧಿಯಾಗಿದ್ದು, 1991ರಲ್ಲಿ ದ್ರಾಗಿ ಇಟಲಿಯ ಖಜಾನೆ ಇಲಾಖೆಯ ಮಹಾನಿರ್ದೇಶಕರಾದರು. ಆ ಹೊತ್ತಿಗೆ ದೇಶದ ಸಾಲ ತಲೆಮಟ್ಟ ಬೆಳೆದಿತ್ತು. ಮರುವರ್ಷ ಲೀರಾ ಕರೆನ್ಸಿ ಕುಸಿಯಿತು, ಲಂಚದ ಹಗರಣದಲ್ಲಿ ಹಳೆಯ ಪಕ್ಷಗಳು ಒಂದೊಂದಾಗಿ ಉರುಳಿದವು. ಮುಂದಿನ ಹತ್ತು ವರ್ಷಗಳಲ್ಲಿ ಆಂದ್ರಿಯೊತ್ತಿ, ಅಮಾತೊ, ಚಾಂಪಿ, ಬೆರ್ಲುಸ್ಕೋನಿ, ದೀನಿ, ಪ್ರೋದಿ, ದಲೇಮಾ ಎಂದು ಪ್ರಧಾನಿಗಳು ಬಂದರು, ಹೋದರು. ಮಹಾನಿರ್ದೇಶಕರ ಕೊಠಡಿಯಲ್ಲಿ ಮಾತ್ರ ದ್ರಾಗಿ ಕೂತೇ ಇದ್ದರು. ದೂರಸಂಪರ್ಕ, ವಿದ್ಯುತ್, ತೈಲದಂಥ ಸರ್ಕಾರಿ ಕಂಪನಿಗಳ ಷೇರು ಮಾರಾಟ ಅವರ ಉಸ್ತುವಾರಿಯಲ್ಲೇ ನಡೆಯಿತು. ಷೇರುಪೇಟೆ ಮತ್ತು ಕಂಪನಿಗಳ ಆಡಳಿತ ಕುರಿತ 1998ರ ಕಾಯ್ದೆಯನ್ನು ಅಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಆಮೇಲೆ ಕೆಲವು ವರ್ಷ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿದ್ದರು. ಟೀಕಾಕಾರರು ಇಂದಿಗೂ ಎತ್ತಿ ತೋರಿಸುವ ಅಧ್ಯಾಯ ಅದು. 2006ರ ಜನವರಿಯಲ್ಲಿ ಇಟಲಿಯ ಕೇಂದ್ರ ಬ್ಯಾಂಕಿನ ಗವರ್ನರ್ ಆದರು. 2011ರ ನವೆಂಬರ್ 1ರಂದು ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷ ಪೀಠಕ್ಕೆ ಏರಿದರು.

ಅವರು ಅಲ್ಲಿಗೆ ಹೋದ ಹೊತ್ತು ಎಂಥದೆಂದರೆ, ಯೂರೋ ಒಡೆದುಹೋಗುತ್ತದೆ ಎಂದು ಹೂಡಿಕೆದಾರರು ಬಹಿರಂಗವಾಗಿಯೇ ಪಂಥ ಕಟ್ಟುತ್ತಿದ್ದರು. 2012ರ ಜುಲೈನಲ್ಲಿ ಸ್ಪೇನ್ ಸರ್ಕಾರ ಹತ್ತು ವರ್ಷದ ಸಾಲಕ್ಕೆ ಶೇ 7ಕ್ಕೂ ಹೆಚ್ಚು ಬಡ್ಡಿ ತೆರಬೇಕಾಗಿತ್ತು, ಇಟಲಿ ಶೇ 6.5ರ ಆಸುಪಾಸಿನಲ್ಲಿತ್ತು. ಆ ತಿಂಗಳ 26ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಹೂಡಿಕೆದಾರರ ಸಭೆ ನಡೆಯಿತು. ದ್ರಾಗಿ ಯೂರೋವನ್ನು ದುಂಬಿಗೆ ಹೋಲಿಸಿ ಮಾತು ಶುರು ಮಾಡಿದರು. ಅದರ ಮೈಕಟ್ಟು ನೋಡಿದರೆ ಹಾರಲೇಬಾರದು, ಆದರೂ ಹಾರುತ್ತದೆ ಎಂದರು. ನಡುವೆ ಒಂದು ವಾಕ್ಯ ಬಂತು: ನಮ್ಮ ಅಧಿಕಾರದ ವ್ಯಾಪ್ತಿಯೊಳಗೆ ಯೂರೋವನ್ನು ಉಳಿಸಲು ಏನು ಬೇಕಾದರೂ ಮಾಡಲು ಬ್ಯಾಂಕು ಸಿದ್ಧವಿದೆ. ಅದರ ಹಿಂದೆಯೇ, ನಂಬಿ, ಅಷ್ಟು ಸಾಕಾಗುತ್ತದೆ ಎಂದೂ ಸೇರಿಸಿದರು.

ಆ ಮಾತಿಗೆ ಬೆಲೆ ಬಂದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಬ್ಯಾಂಕು ಒಂದು ಯೋಜನೆ ಪ್ರಕಟಿಸಿತು. ಸಂಕಷ್ಟದಲ್ಲಿರುವ ದೇಶ ಯುರೋಪಿನ ನೆರವು ನಿಧಿಯ ಷರತ್ತುಗಳಿಗೆ ಒಪ್ಪಿದರೆ, ಆ ದೇಶದ ಅಲ್ಪಾವಧಿ ಸಾಲಪತ್ರಗಳನ್ನು ಯಾವ ಮಿತಿಯೂ ಇಲ್ಲದೆ ಕೊಳ್ಳುತ್ತೇವೆ ಎಂಬುದೇ ಆ ಯೋಜನೆ. ಜರ್ಮನಿಯ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಯೆನ್ಸ್ ವೈಡ್‌ಮನ್ ಇದನ್ನು ವಿರೋಧಿಸಿದರು. ಅಚ್ಚರಿಯೆಂದರೆ ಯೋಜನೆಯಡಿ ಇವತ್ತಿನವರೆಗೂ ಒಂದು ಸಾಲಪತ್ರವನ್ನೂ ಕೊಂಡಿಲ್ಲ. ಕೊಳ್ಳುವ ಶಕ್ತಿ ಇದೆ ಎಂಬ ನಂಬಿಕೆಯೇ ಸಾಕಾಯಿತು, ವರ್ಷದ ಕೊನೆಗೆ ಇಟಲಿಯ ಬಡ್ಡಿ ಶೇ 4.5ರ ಹತ್ತಿರಕ್ಕೆ ಇಳಿಯಿತು. ಆ ನಂಬಿಕೆಗೆ ಕಾರಣ ಎರಡು. ಯೂರೋ ನೋಟು ಮುದ್ರಿಸುವ ಅಧಿಕಾರ ಆ ಬ್ಯಾಂಕಿನದು, ಹಾಗಾಗಿ ಅದರ ಹಣ ಮುಗಿಯುವಂಥದಲ್ಲ. ಅದರ ಅಧ್ಯಕ್ಷರ ಅವಧಿ ಎಂಟು ವರ್ಷ, ಸಿಟ್ಟು ಬಂದ ಸರ್ಕಾರ ಅವರನ್ನು ನಡುವೆ ಕಿತ್ತುಹಾಕುವಂತಿಲ್ಲ. ಲಂಡನ್ನಿನಲ್ಲಿ ಮಾತಾಡಿದ ಮನುಷ್ಯನ ಬೆನ್ನಿಗೆ ಈ ಎರಡೂ ಇದ್ದವು.

ತಜ್ಞರು ರಾಜಕೀಯದಿಂದ ದೂರ ಎಂಬ ಮಾತು ಇಲ್ಲೇ ಬಿರುಕು ಬಿಡುತ್ತದೆ. 2015ರ ಜೂನ್ ಕೊನೆಗೆ ಗ್ರೀಸ್ ಸರ್ಕಾರ ಸಾಲದ ಷರತ್ತುಗಳ ಬಗ್ಗೆ ಜನಮತಗಣನೆ ಕರೆದಾಗ, ಆ ದೇಶದ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಹಣವನ್ನು ಇನ್ನು ಹೆಚ್ಚಿಸುವುದಿಲ್ಲ ಎಂದು ಫ್ರಾಂಕ್‌ಫರ್ಟ್ ತೀರ್ಮಾನಿಸಿತು. ಗ್ರೀಸ್‌ನ ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂ ಮುಂದೆ ಸಾಲು ನಿಂತ ಜನಕ್ಕೆ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ನಿಯಮದ ಪ್ರಕಾರ ಅದು ತಾಂತ್ರಿಕ ತೀರ್ಮಾನ. ಅಥೆನ್ಸ್‌ನ ಬೀದಿಯಲ್ಲಿ ನಿಂತವರಿಗೆ ಅದಕ್ಕಿಂತ ದೊಡ್ಡ ರಾಜಕೀಯ ಇರಲಿಲ್ಲ. ದ್ರಾಗಿ ರಾಜಕೀಯಕ್ಕೆ ಬಂದದ್ದು 2021ರಲ್ಲಿ ಎನ್ನುವುದು ಪೂರ್ತಿ ಸರಿಯಲ್ಲ. ಮತ ಕೇಳಬೇಕಾಗಿಲ್ಲದ ಕುರ್ಚಿಗಳಲ್ಲಿ ಕೂತು ಅವರು ಅದಕ್ಕೂ ಮೊದಲೇ ರಾಜಕೀಯ ಮಾಡಿದ್ದರು.

ಇನ್ನು ಇಟಲಿಯ ವ್ಯವಸ್ಥೆಗೆ ಬರೋಣ. ನಮ್ಮಲ್ಲಿ ಸಂಸದರಲ್ಲದವರು ಪ್ರಧಾನಿಯಾದರೆ ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಆಯ್ಕೆಯಾಗಬೇಕು. ಇಟಲಿಯಲ್ಲಿ ಆ ಕಟ್ಟಳೆ ಇಲ್ಲ. ಸಂವಿಧಾನದ 92ನೇ ವಿಧಿಯಂತೆ ಅಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ, ಹತ್ತು ದಿನದೊಳಗೆ ಸರ್ಕಾರ ಸಂಸತ್ತಿನ ವಿಶ್ವಾಸ ಕೇಳಬೇಕು. ಕೆಳಮನೆ, ಮೇಲ್ಮನೆ ಎರಡಕ್ಕೂ ಸಮಾನ ಅಧಿಕಾರವಿರುವುದರಿಂದ ಎರಡೂ ಕಡೆ ಗೆಲ್ಲಬೇಕು. ಮಾಮೂಲು ದಿನಗಳಲ್ಲಿ ಅಧ್ಯಕ್ಷರದು ಅಲಂಕಾರದ ಹುದ್ದೆ. ಪಕ್ಷಗಳು ಕಚ್ಚಾಡಿಕೊಂಡು ಬಹುಮತವೇ ಇಲ್ಲದಂತಾದಾಗ ಎಲ್ಲರ ಕಣ್ಣೂ ಅವರ ಮೇಲೆ. ಹೀಗೆ 1993ರಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಕಾರ್ಲೊ ಅಝೆಲಿಯೊ ಚಾಂಪಿ ಪ್ರಧಾನಿಯಾದರು. 1995ರಲ್ಲಿ ಅದೇ ಬ್ಯಾಂಕಿನಿಂದ ಬಂದ ಲಂಬೆರ್ತೊ ದೀನಿ, 2011ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮಾರಿಯೊ ಮೊಂತಿ. ದ್ರಾಗಿ ಈ ಸಾಲಿನಲ್ಲಿ ನಾಲ್ಕನೆಯವರು.

2021ರ ಜನವರಿಯಲ್ಲಿ ಮಾಜಿ ಪ್ರಧಾನಿ ಮತ್ತೇಯೊ ರೆಂಝಿ ತಮ್ಮ ಸಣ್ಣ ಪಕ್ಷವನ್ನು ಹಿಂದಕ್ಕೆ ಕರೆದುಕೊಂಡಾಗ ಜುಸೆಪ್ಪೆ ಕೊಂತೆ ಸರ್ಕಾರ ಬಿತ್ತು. ಆ ಹೊತ್ತಿಗೆ ಕೋವಿಡ್‌ನಿಂದ ಇಟಲಿಯಲ್ಲಿ ಸುಮಾರು 90 ಸಾವಿರ ಜನ ಸತ್ತಿದ್ದರು. ಹಿಂದಿನ ವರ್ಷ ಆರ್ಥಿಕತೆ ಸುಮಾರು ಶೇ 9ರಷ್ಟು ಕುಗ್ಗಿತ್ತು. ಯುರೋಪಿಯನ್ ಒಕ್ಕೂಟದ ಪುನಶ್ಚೇತನ ನಿಧಿಗೆ ಏಪ್ರಿಲ್ ಕೊನೆಯೊಳಗೆ ಯೋಜನೆ ಕಳಿಸಬೇಕಿತ್ತು. ಫೆಬ್ರುವರಿ 2ರ ರಾತ್ರಿ ಅಧ್ಯಕ್ಷ ಸೆರ್ಜೊ ಮತ್ತರೆಲ್ಲ, ಈಗ ಚುನಾವಣೆಗೆ ಹೋದರೆ ತಿಂಗಳುಗಟ್ಟಲೆ ಸರ್ಕಾರವೇ ಇರುವುದಿಲ್ಲ ಎಂದು ದೇಶಕ್ಕೆ ವಿವರಿಸಿ, ಮರುದಿನ ದ್ರಾಗಿಯನ್ನು ಕರೆಸಿದರು.

ಪಕ್ಷಗಳು ಒಪ್ಪಿದವು. ಯೂರೋ ಬೇಡ ಎಂದು ಊರೂರು ಸುತ್ತಿದ್ದ ಮತ್ತೇಯೊ ಸಾಲ್ವೀನಿಯ ಲೀಗ್ ಪಕ್ಷವೂ ಒಪ್ಪಿತು. ಬ್ಯಾಂಕರ್‌ಗಳನ್ನು ಬೈದೇ ಬೆಳೆದ ಫೈವ್ ಸ್ಟಾರ್ ಪಕ್ಷವೂ ಸದಸ್ಯರ ಆನ್‌ಲೈನ್ ಮತದಾನ ನಡೆಸಿ ಶೇ 59ರ ಸಮ್ಮತಿ ಪಡೆಯಿತು. ಡೆಮಾಕ್ರಟಿಕ್ ಪಾರ್ಟಿ, ಬೆರ್ಲುಸ್ಕೋನಿಯ ಫೋರ್ಝಾ ಇತಾಲಿಯಾ ಎಲ್ಲವೂ ಒಳಗೆ ಬಂದವು. ಕೆಳಮನೆಯಲ್ಲಿ 535 ಮತ ಪರ, 56 ವಿರುದ್ಧ. ಹೊರಗೆ ಉಳಿದ ದೊಡ್ಡ ಪಕ್ಷ ಒಂದೇ, ಜೋರ್ಜಾ ಮೆಲೋನಿಯ ಬ್ರದರ್ಸ್ ಆಫ್ ಇಟಲಿ. ಹಿಂದಿನ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ 4ರ ಚಿಲ್ಲರೆ ಮತ. ಈ ಹೆಸರನ್ನು ನೆನಪಿಡಿ.

ಪಕ್ಷಗಳ ಈ ಔದಾರ್ಯಕ್ಕೆ ತಮ್ಮದೇ ಲೆಕ್ಕಾಚಾರವಿತ್ತು. ಲಸಿಕೆ, ಲಾಕ್‌ಡೌನ್, ಸಾಲ ಇವುಗಳ ಕಹಿಯನ್ನು ಇನ್ನೊಬ್ಬರು ಉಣಿಸಲಿ, ಬರುವ ಹಣವನ್ನು ಹಂಚುವಾಗ ನಾವೂ ಇರೋಣ ಎಂಬುದು ಒಂದು. ಇನ್ನೊಂದು ಖಾಸಗಿ ಲೆಕ್ಕ. 2020ರ ಜನಮತಗಣನೆಯಲ್ಲಿ ಸಂಸತ್ತಿನ ಸ್ಥಾನಗಳು 945ರಿಂದ 600ಕ್ಕೆ ಇಳಿದಿದ್ದವು. ಚುನಾವಣೆ ನಡೆದರೆ ಮೂರರಲ್ಲಿ ಒಬ್ಬ ಸದಸ್ಯನ ಕುರ್ಚಿಯೇ ಇರುವುದಿಲ್ಲ. ಮೊದಲ ಬಾರಿ ಗೆದ್ದವರಿಗೆ ಪಿಂಚಣಿ ಖಾತ್ರಿಯಾಗಲು ನಾಲ್ಕು ವರ್ಷ, ಆರು ತಿಂಗಳು, ಒಂದು ದಿನ ತುಂಬಬೇಕಿತ್ತು. ಆ ದಿನ ಬರುವುದು 2022ರ ಸೆಪ್ಟೆಂಬರ್ 24ಕ್ಕೆ. ಇದಕ್ಕಾಗಿಯೇ ಎಲ್ಲರೂ ಕೈ ಎತ್ತಿದರು ಎನ್ನಲಾಗದು. ಆದರೆ ದ್ರಾಗಿಗೆ ಸಿಕ್ಕ ಬಹುಮತ ಬೇರೆಯವರ ಮನೆಯಿಂದ ಕಡ ತಂದದ್ದು, ಕೊಟ್ಟವರು ಕೇಳಿದ ದಿನ ವಾಪಸ್ ಕೊಡಲೇಬೇಕಾದದ್ದು.

ಸಂಪುಟದ 23 ಮಂದಿಯಲ್ಲಿ 15 ಜನ ಪಕ್ಷಗಳವರು, 8 ಜನ ಹೊರಗಿನವರು. ತೂಕದ ಖಾತೆಗಳು ಹೊರಗಿನವರ ಕೈಯಲ್ಲಿದ್ದವು. ಹಣಕಾಸಿಗೆ ಕೇಂದ್ರ ಬ್ಯಾಂಕಿನಿಂದ ಬಂದ ದಾನಿಯೇಲೆ ಫ್ರಾಂಕೊ, ನ್ಯಾಯಾಂಗಕ್ಕೆ ಸಾಂವಿಧಾನಿಕ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದ ಮಾರ್ತಾ ಕರ್ತಾಬಿಯಾ, ಡಿಜಿಟಲ್ ಖಾತೆಗೆ ವೊಡಾಫೋನ್ ನಡೆಸಿದ್ದ ವಿತ್ತೋರಿಯೊ ಕೊಲಾವೊ. ಲಸಿಕೆಯ ಹೊಣೆಯನ್ನು ಫ್ರಾಂಚೆಸ್ಕೊ ಫಿಲ್ಯುವೊಲೊ ಎಂಬ ಸೇನಾಧಿಕಾರಿಗೆ ಕೊಟ್ಟರು. ಸೇನೆಯ ಸಾಗಣೆ, ಸರಬರಾಜು ನೋಡಿಕೊಳ್ಳುತ್ತಿದ್ದ ಮನುಷ್ಯ. ಪರ್ವತ ದಳದ ಗರಿ ಸಿಕ್ಕಿಸಿದ ಟೋಪಿ, ಸಮವಸ್ತ್ರದಲ್ಲೇ ಲಸಿಕಾ ಕೇಂದ್ರಗಳಿಗೆ ಬರುತ್ತಿದ್ದರು. 2021ರ ಕೊನೆಗೆ 12 ವರ್ಷ ದಾಟಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಎರಡೂ ಡೋಸ್ ಆಗಿತ್ತು. ಆ ಅಕ್ಟೋಬರ್‌ನಿಂದ ಆರೋಗ್ಯ ಪಾಸ್ ಇಲ್ಲದೆ ಕೆಲಸಕ್ಕೇ ಹೋಗುವಂತಿರಲಿಲ್ಲ. ಯುರೋಪಿನಲ್ಲಿ ಅಷ್ಟು ಬಿಗಿ ಮಾಡಿದ ದೇಶಗಳು ಕಡಿಮೆ.

ಪುನಶ್ಚೇತನ ನಿಧಿಯಿಂದ ಇಟಲಿಯ ಪಾಲಿಗೆ ಬಂದದ್ದು 19,150 ಕೋಟಿ ಯೂರೋ. ಅದರಲ್ಲಿ 6,890 ಕೋಟಿ ಅನುದಾನ, ಉಳಿದದ್ದು ಸಾಲ. ಹಣ ಒಂದೇ ಸಲ ಬರುವಂತಿರಲಿಲ್ಲ. ಇಂಥ ಕಾನೂನು ಆಗಬೇಕು, ಇಷ್ಟು ಕೆಲಸ ಮುಗಿಯಬೇಕು ಎಂದು 500ಕ್ಕೂ ಹೆಚ್ಚು ಗುರಿಗಳಿದ್ದವು. ಆರಾರು ತಿಂಗಳಿಗೆ ಬ್ರಸೆಲ್ಸ್ ಅವನ್ನು ಪರಿಶೀಲಿಸಿ ಕಂತು ಬಿಡುಗಡೆ ಮಾಡುತ್ತಿತ್ತು. ವರ್ಷಗಟ್ಟಲೆ ಎಳೆಯುವ ಕೋರ್ಟು ಕೇಸುಗಳನ್ನು ಬೇಗ ಮುಗಿಸುವ ಕಾಯ್ದೆ ಆದದ್ದು ಈ ಒತ್ತಡದಲ್ಲೇ. 2021ರಲ್ಲಿ ಆರ್ಥಿಕತೆ ಶೇ 6ಕ್ಕೂ ಹೆಚ್ಚು ಬೆಳೆಯಿತು. ಅದರಲ್ಲಿ ಬಹುಪಾಲು ಹಿಂದಿನ ವರ್ಷ ಬಿದ್ದದ್ದನ್ನು ಮೇಲೆತ್ತಿದ್ದಷ್ಟೇ ಎಂಬುದನ್ನೂ ಹೇಳಬೇಕು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ, ರಷ್ಯಾದ ಕೇಂದ್ರ ಬ್ಯಾಂಕಿನ ವಿದೇಶಿ ಹಣವನ್ನು ತಡೆಹಿಡಿಯುವ ತೀರ್ಮಾನದಲ್ಲಿ ದ್ರಾಗಿ ಮುಂದೆ ನಿಂತರು. ಇಟಲಿಗೆ ಬೇಕಾದ ಅನಿಲದಲ್ಲಿ ಸುಮಾರು ಶೇ 40 ರಷ್ಯಾದಿಂದಲೇ ಬರುತ್ತಿತ್ತು, ಹಾಗಾಗಿ ಅಲ್ಜೀರಿಯಾದತ್ತ ತಿರುಗಿದರು. ಜೂನ್‌ನಲ್ಲಿ ಫ್ರಾನ್ಸ್‌ನ ಮ್ಯಾಕ್ರನ್, ಜರ್ಮನಿಯ ಶೋಲ್ಜ್ ಜೊತೆ ರಾತ್ರಿ ರೈಲಿನಲ್ಲಿ ಕೀವ್‌ಗೆ ಹೋಗಿಬಂದರು.

ದೊಡ್ಡ ಸಂಗತಿಗಳಲ್ಲಿ ಹೀಗೆ ದಾರಿ ಸುಗಮವಾಗಿತ್ತು. ಮುಗ್ಗರಿಸಿದ್ದು ಸಣ್ಣವುಗಳಲ್ಲಿ. ಇಟಲಿಯ ಸಮುದ್ರತೀರದಲ್ಲಿ ಕುರ್ಚಿ, ಕೊಡೆ ಬಾಡಿಗೆಗೆ ಕೊಡುವ ಪರವಾನಗಿಗಳು ತಲೆಮಾರುಗಳಿಂದ ಅವೇ ಕುಟುಂಬಗಳಲ್ಲಿವೆ. ಅವನ್ನು ಹರಾಜಿಗೆ ಹಾಕಬೇಕೆಂಬುದು ಯುರೋಪಿನ ನಿಯಮ. ದ್ರಾಗಿ ಕೈಹಾಕಿದರು, ಬಲಪಂಥೀಯ ಪಕ್ಷಗಳು ಮುಖ ಸಿಂಡರಿಸಿದವು. ಟ್ಯಾಕ್ಸಿ ಪರವಾನಗಿಗೆ ಸ್ಪರ್ಧೆ ತರುವ ಮಸೂದೆ ಬಂತು, ಚಾಲಕರು ಮುಷ್ಕರ ಹೂಡಿದರು, ಲೀಗ್ ಅವರ ಬೆನ್ನಿಗೆ ನಿಂತಿತು. ಮನೆ ರಿಪೇರಿಗೆ 100 ಯೂರೋ ಖರ್ಚು ಮಾಡಿದವರಿಗೆ 110 ಯೂರೋ ತೆರಿಗೆ ವಿನಾಯಿತಿ ಕೊಡುವ ಯೋಜನೆ ಫೈವ್ ಸ್ಟಾರ್ ಪಕ್ಷದ ಕೂಸು. ದ್ರಾಗಿ ಅದನ್ನು ಬಹಿರಂಗವಾಗಿ ಟೀಕಿಸಿದರು. ಇಟಲಿಯಲ್ಲಿ ಮತ ಇರುವುದು ಇಂಥ ಕಡೆಗಳಲ್ಲೇ. ಬಾಂಡ್ ಮಾರುಕಟ್ಟೆಯನ್ನು ಒಂದೇ ವಾಕ್ಯದಲ್ಲಿ ಸುಮ್ಮನಾಗಿಸಿದ ಮನುಷ್ಯನಿಗೆ ಟ್ಯಾಕ್ಸಿ ಚಾಲಕರನ್ನು ಒಪ್ಪಿಸಲಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಎಡವಟ್ಟೂ ಆಗಿತ್ತು. 2022ರ ಜನವರಿಯಲ್ಲಿ ದೇಶದ ಅಧ್ಯಕ್ಷರ ಆಯ್ಕೆ ಇತ್ತು. ತಾನು ಸಂಸ್ಥೆಗಳ ಸೇವೆಗೆ ಸಿದ್ಧನಿರುವ ಒಬ್ಬ ಅಜ್ಜ ಎಂದು ಡಿಸೆಂಬರ್‌ನಲ್ಲೇ ದ್ರಾಗಿ ಹೇಳಿದ್ದನ್ನು ಎಲ್ಲರೂ ಅರ್ಜಿ ಎಂದೇ ಓದಿಕೊಂಡರು. ಅವರು ಮೇಲೆ ಹೋದರೆ ಸರ್ಕಾರ ಬೀಳುತ್ತದೆ ಎಂಬ ಅಂಜಿಕೆ ಒಬ್ಬರಿಗೆ, ಹೊರಗಿನವನಿಗೆ ಏಳು ವರ್ಷದ ಪಟ್ಟ ಯಾಕೆ ಎಂಬ ಕಸಿವಿಸಿ ಇನ್ನೊಬ್ಬರಿಗೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದು, ಕೊನೆಗೆ ಎಂಟನೇ ಸುತ್ತಿನಲ್ಲಿ 80 ವರ್ಷದ ಮತ್ತರೆಲ್ಲ ಅವರನ್ನೇ ಮತ್ತೆ ಕೂರಿಸಿದರು. ದ್ರಾಗಿಗೂ ಬೇಕು, ಬೇಡಗಳಿವೆ ಎಂಬುದು ಅಂದು ಎಲ್ಲರಿಗೂ ಕಂಡಿತು. ಪಕ್ಷಗಳಿಗಿಂತ ಮೇಲಿನವರು ಎಂಬ ಹೊಳಪು ಆಮೇಲೆ ಮೊದಲಿನಂತೆ ಉಳಿಯಲಿಲ್ಲ.

ಜುಲೈ 14ರಂದು ಬೆಲೆಯೇರಿಕೆ ಪರಿಹಾರದ ಸುಗ್ರೀವಾಜ್ಞೆಗೆ ಮೇಲ್ಮನೆಯ ಒಪ್ಪಿಗೆ ಬೇಕಿತ್ತು. ರೋಮ್‌ನಲ್ಲಿ ಕಸ ಸುಡುವ ಘಟಕ ಕಟ್ಟುವ ಅಂಶವೂ ಅದರೊಳಗೆ ಸೇರಿತ್ತು. ಅದನ್ನು ನೆಪ ಮಾಡಿ, ಆಗ ಕೊಂತೆ ಮುಂದಾಳತ್ವದಲ್ಲಿದ್ದ ಫೈವ್ ಸ್ಟಾರ್ ಪಕ್ಷ ಮತದಾನದಿಂದ ದೂರ ಉಳಿಯಿತು. ಸರ್ಕಾರ ಗೆದ್ದರೂ, ಎಲ್ಲರ ಬೆಂಬಲ ಇದ್ದರಷ್ಟೇ ಇರುತ್ತೇನೆ ಎಂದಿದ್ದ ದ್ರಾಗಿ ರಾಜೀನಾಮೆ ಒಯ್ದು ಕೊಟ್ಟರು. ಮತ್ತರೆಲ್ಲ ಒಪ್ಪದೆ ಸಂಸತ್ತಿಗೆ ಹೋಗಿ ಮಾತಾಡಿ ಎಂದರು. ನಡುವಿನ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮೇಯರ್‌ಗಳು ಅವರನ್ನು ಉಳಿಯುವಂತೆ ಕೋರಿದರು.

20ರಂದು ದ್ರಾಗಿ ಮಾಡಿದ ಭಾಷಣದಲ್ಲಿ ಓಲೈಕೆ ಇರಲಿಲ್ಲ. ಯಾವ ಸುಧಾರಣೆಗೆ ಯಾರು ಅಡ್ಡಗಾಲು ಹಾಕಿದರು ಎಂಬುದನ್ನು ಒಂದೊಂದಾಗಿ ಹೇಳಿ, ಈ ಒಪ್ಪಂದವನ್ನು ಮೊದಲಿಂದ ಕಟ್ಟಲು ಸಿದ್ಧರಿದ್ದೀರಾ ಎಂದು ಪಕ್ಷಗಳನ್ನು ಕೇಳಿದರು. ಉತ್ತರವನ್ನು ನನಗಲ್ಲ, ಇಟಲಿಯ ಜನರಿಗೆ ಕೊಡಿ ಎಂದರು. ಪಳಗಿದ ರಾಜಕಾರಣಿಯಾಗಿದ್ದರೆ ಆ ದಿನ ಲೀಗ್‌ಗೆ ಒಂದು ಮಾತು, ಬೆರ್ಲುಸ್ಕೋನಿಗೆ ಒಂದು ಫೋನು, ಕೊಂತೆಗೆ ಒಂದು ರಿಯಾಯಿತಿ ಎಂದು ಸಂಜೆಯೊಳಗೆ ಹೊಲಿಗೆ ಹಾಕಿಬಿಡುತ್ತಿದ್ದ. ಮತಕ್ಕೆ ಹಾಕುವ ಹೊತ್ತಿಗೆ ಲೀಗ್, ಫೋರ್ಝಾ ಇತಾಲಿಯಾ, ಫೈವ್ ಸ್ಟಾರ್ ಮೂರೂ ಪಕ್ಷಗಳು ಭಾಗವಹಿಸಲಿಲ್ಲ. ಆ 167 ಮತಗಳು ಹೋದದ್ದು ಹೀಗೆ. ಎದುರಿಗೆ ನಿಂತು ಬೇಡ ಎಂದವರು ಕಡಿಮೆ, ಕೊಟ್ಟ ಕಡವನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡವರೇ ಹೆಚ್ಚು.

ಅದಕ್ಕೆ ಕೆಲವು ದಿನಗಳ ಹಿಂದೆ ವಿದೇಶಿ ಪತ್ರಕರ್ತರ ಔತಣದಲ್ಲಿ ದ್ರಾಗಿ ಒಂದು ಜೋಕು ಹೇಳಿದ್ದರು. ಹೃದಯ ಕಸಿ ಬೇಕಿದ್ದ ರೋಗಿಯೊಬ್ಬನಿಗೆ, 25 ವರ್ಷದ ಗಟ್ಟಿಮುಟ್ಟಾದ ಯುವಕನ ಹೃದಯ ಬೇಕೋ, 86 ವರ್ಷದ ಕೇಂದ್ರ ಬ್ಯಾಂಕರ್‌ನದೋ ಎಂದು ಕೇಳಿದರಂತೆ. ಬ್ಯಾಂಕರ್‌ನದೇ ಇರಲಿ, ಅದನ್ನು ಬಳಸಿಯೇ ಇರುವುದಿಲ್ಲ ಎಂದನಂತೆ ರೋಗಿ. 21ರ ಬೆಳಿಗ್ಗೆ ಕೆಳಮನೆಗೆ ಬಂದ ದ್ರಾಗಿಗೆ ಸದಸ್ಯರು ಎದ್ದು ಚಪ್ಪಾಳೆ ತಟ್ಟಿದರು. ನೋಡಿ, ಕೇಂದ್ರ ಬ್ಯಾಂಕರ್‌ಗಳ ಹೃದಯವೂ ಒಮ್ಮೊಮ್ಮೆ ಬಳಕೆಗೆ ಬರುತ್ತದೆ ಎಂದು ನಕ್ಕು, ಅಧ್ಯಕ್ಷರ ಬಳಿಗೆ ಹೊರಟರು.

ಸೆಪ್ಟೆಂಬರ್ 25ಕ್ಕೆ ಚುನಾವಣೆ ನಡೆಯಿತು. ಪಿಂಚಣಿಗೆ ಬೇಕಿದ್ದ ದಿನ ಅದಕ್ಕೆ ಒಂದು ದಿನ ಮೊದಲೇ ತುಂಬಿತ್ತು. ಹೊರಗೆ ಉಳಿದಿದ್ದ ಮೆಲೋನಿಯ ಪಕ್ಷ ಶೇ 26 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಒಳಗಿದ್ದ ಲೀಗ್ ಶೇ 17ರಿಂದ ಶೇ 9ಕ್ಕೆ, ಫೈವ್ ಸ್ಟಾರ್ ಶೇ 32ರಿಂದ ಶೇ 15ಕ್ಕೆ ಕುಸಿದವು. ತಮಾಷೆಯೆಂದರೆ, ಗೆದ್ದ ಮೇಲೆ ಮೆಲೋನಿ ಪುನಶ್ಚೇತನ ಯೋಜನೆಯನ್ನು ಕೈಬಿಡಲಿಲ್ಲ, ದ್ರಾಗಿ ಸಂಪುಟದಲ್ಲಿದ್ದ ಜಾಂಕಾರ್ಲೊ ಜೋರ್ಜೆತ್ತಿಯನ್ನೇ ಹಣಕಾಸು ಮಂತ್ರಿ ಮಾಡಿದರು. ದ್ರಾಗಿ ತಮಗೆ ಒಗ್ಗಿದ ಕೆಲಸಕ್ಕೆ ಮರಳಿದರು. ಯುರೋಪ್ ಸ್ಪರ್ಧೆಯಲ್ಲಿ ಉಳಿಯಬೇಕಾದರೆ ವರ್ಷಕ್ಕೆ 75 ಸಾವಿರದಿಂದ 80 ಸಾವಿರ ಕೋಟಿ ಯೂರೋ ಹೆಚ್ಚುವರಿ ಹೂಡಿಕೆ ಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ಅವರು ಕೊಟ್ಟ ವರದಿ ಬ್ರಸೆಲ್ಸ್‌ನ ಮೇಜಿನ ಮೇಲಿದೆ. ಜಾರಿಗೆ ತರಬೇಕಾದವರು, ಮತ್ತೆ, ಮತ ಕೇಳುವವರೇ.

ಇದನ್ನು ಓದುವಾಗ ನಮ್ಮವರಿಗೆ ಮನಮೋಹನ್ ಸಿಂಗ್ ನೆನಪಾಗುವುದು ಸಹಜ. ರಿಸರ್ವ್ ಬ್ಯಾಂಕ್ ಗವರ್ನರ್, 1991ರ ಹಣಕಾಸು ಮಂತ್ರಿ, 1999ರಲ್ಲಿ ದಕ್ಷಿಣ ದೆಹಲಿಯಿಂದ ಲೋಕಸಭೆಗೆ ನಿಂತು ಸೋತವರು. ಆದರೂ 2004ರಿಂದ ಹತ್ತು ವರ್ಷ ಪ್ರಧಾನಿಯಾಗಿದ್ದರು. ಬೆನ್ನಿಗೆ ದೇಶದುದ್ದ ಹರಡಿದ ಒಂದು ಪಕ್ಷ ಇತ್ತು, ಮತ ತರುವ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ವಿಶ್ವೇಶ್ವರಯ್ಯನವರ ಮಾತು ಬೇರೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಆ ಎಂಜಿನಿಯರ್ ಉತ್ತರ ಹೇಳಬೇಕಾಗಿದ್ದದ್ದು ಮಹಾರಾಜರಿಗೆ, ಮತದಾರರಿಗಲ್ಲ. ದ್ರಾಗಿಗೆ ಮಹಾರಾಜರೂ ಇರಲಿಲ್ಲ, ಪಕ್ಷವೂ ಇರಲಿಲ್ಲ.

ಇಟಲಿಯ ನಾಲ್ಕು ಪ್ರಯೋಗಗಳ ನಂತರದ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಚಾಂಪಿಯ ನಂತರ ಕೆಲವೇ ತಿಂಗಳ ಹಿಂದೆ ಹುಟ್ಟಿದ ಪಕ್ಷದೊಂದಿಗೆ ಬೆರ್ಲುಸ್ಕೋನಿ ಬಂದರು. ಮೊಂತಿಯ ನಂತರ ಮೊದಲ ರಾಷ್ಟ್ರೀಯ ಚುನಾವಣೆಯಲ್ಲೇ ಫೈವ್ ಸ್ಟಾರ್ ಶೇ 25ರಷ್ಟು ಮತ ಬಾಚಿತು. ದ್ರಾಗಿಯ ನಂತರ ಮೆಲೋನಿ ಬಂದರು. ದೀನಿಯ ಕಾಲ ಮಾತ್ರ ಅಪವಾದ. ಎಲ್ಲ ಪಕ್ಷಗಳೂ ಒಬ್ಬ ತಜ್ಞನ ಹಿಂದೆ ಅಡಗಿ ಕೂತರೆ, ಸಿಟ್ಟಾದ ಮತದಾರನಿಗೆ ಹೊರಗೆ ನಿಂತವರನ್ನು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ.

ತಜ್ಞರು ಬೇಡ ಎಂದು ಇದರ ಅರ್ಥವಲ್ಲ. ಬೆಂಕಿ ಬಿದ್ದ ಕಾಲಕ್ಕೆ ದ್ರಾಗಿಯಂಥವರು ಒದಗಿದ್ದು ಇಟಲಿಯ ಪುಣ್ಯ, ಲಸಿಕೆಯೂ ಯೋಜನೆಯೂ ಅದಕ್ಕೆ ಸಾಕ್ಷಿ. ಆದರೆ ಸಮುದ್ರತೀರದ ಕೊಡೆಯವನಿಗೆ, ಟ್ಯಾಕ್ಸಿ ಚಾಲಕನಿಗೆ ಬೇಡವಾದ ಮಾತನ್ನು ಹೇಳಿ, ಅವನ ಮುಂದೆಯೇ ಮತ್ತೆ ಮತಕ್ಕೆ ಕೈಯೊಡ್ಡುವ ಧೈರ್ಯ ಪಕ್ಷಗಳಿಗೆ ಇಲ್ಲದಿದ್ದರೆ ಯಾವ ತಜ್ಞನೂ ಅದನ್ನು ಎರವಲು ಕೊಡಲಾರ. ‘ಬಲ್ಲವರ ಕೈಗೆ ಕೊಡಿ’ ಎನ್ನುವವರು ಮೊದಲು ಕೇಳಬೇಕಾದದ್ದು, ಆ ಬಲ್ಲವರ ಹಿಂದೆ ಮತ ತಂದು ನಿಲ್ಲುವವರು ಯಾರು ಎಂಬುದನ್ನು.